ಧಾರವಾಡದಲ್ಲಿ ಮನೆ ಮಾಡಿನ ಹಂಚಿನ ಮೇಲೆ ಕಪ್ಪು ಕಲೆ, ಪಾಚಿ ಕಟ್ಟಿದೆ. ತೆಗೆಯೋದು ಹೇಗೆ?

ಮೊದಲು ಅದೇನು ಅಂತ ನೋಡಿಕೊಳ್ಳಿ. ಹಂಚಿನ ಸಂದಿಯಲ್ಲಿ ಹಸಿರು ಮೆತ್ತೆಯಂತೆ ಕೂತಿದ್ದರೆ ಪಾಚಿ. ಬೂದು ಚಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕಲ್ಲುಹೂವು. ಮಸಾಲೆಗೆ ಹಾಕ್ತೀವಲ್ಲ, ಆ ಜಾತಿಯದ್ದೇ. ಕಪ್ಪು ಕಲೆ ಒಲೆಯ ಮಸಿಯೋ ಹಾವಸೆಯೋ ಅಂತ ನೋಡಿದ ಕೂಡಲೇ ಗೊತ್ತಾಗಲ್ಲ. ಬ್ಲೀಚಿಂಗ್ ಪೌಡರ್ ನೀರು ನಾಲ್ಕು ಹನಿ ಬಿಡಿ. ಕೆಲವು ನಿಮಿಷದಲ್ಲಿ ಬಣ್ಣ ತಿಳಿಯಾದರೆ ಹಾವಸೆ. ಮಸಿ ಹಾಗೇ ಇರುತ್ತದೆ.

ಗದಗಿನ ಕಡೆಗಿಂತ ಧಾರವಾಡದಲ್ಲಿ ಮಳೆ ಜಾಸ್ತಿ, ಮರದ ನೆರಳೂ ಜಾಸ್ತಿ. ಹಂಚು ಬೇಗ ಒಣಗಲ್ಲ, ಅದಕ್ಕೇ ಈ ಕಾಟ.

ಮಳೆಗಾಲ ಮುಗಿದ ಮೇಲೆ, ಹಂಚು ಒಣಗಿದಾಗ ಪಾಚಿಯನ್ನು ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ. ಆಮೇಲೆ ಲೀಟರ್ ನೀರಿಗೆ ಸುಮಾರು 50 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ. ಗಸಿ ತಳಕ್ಕಿಳಿಯಲಿ, ಮೇಲಿನ ತಿಳಿಯನ್ನಷ್ಟೇ ಬಳಸಿ. ಸಂಜೆ ಹೊತ್ತಿಗೆ ಹಚ್ಚಿ, 15-20 ನಿಮಿಷ ಬಿಟ್ಟು, ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ತಿಕ್ಕಿ ತೊಳೆಯಿರಿ. ಕಲ್ಲುಹೂವನ್ನು ಜೋರಾಗಿ ಕೆರೆಯಬೇಡಿ, ಹಂಚಿನ ಮೈಯೇ ಕಿತ್ತು ಬರುತ್ತದೆ. ಸತ್ತ ಮೇಲೆ ಅದು ಮಳೆಗೆ ನಿಧಾನವಾಗಿ ಉದುರುತ್ತದೆ.

ದಯವಿಟ್ಟು ಬ್ಲೀಚಿಂಗ್ ಜೊತೆ ಆ್ಯಸಿಡ್ ಸೇರಿಸಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಮಳೆನೀರು ಟ್ಯಾಂಕಿಗೆ ಹೋಗುವ ಪೈಪ್ ಮೊದಲೇ ಬಿಚ್ಚಿಡಿ. ತಗಡಿನ ಮಾಡಿಗೆ ಬ್ಲೀಚಿಂಗ್ ಬೇಡ, ತುಕ್ಕು ಹಿಡಿಯುತ್ತದೆ. ಸೋಪಿನ ನೀರು ಸಾಕು. ಹಳೇ ಹಂಚಿಗೆ ಪ್ರೆಷರ್ ವಾಷರ್ ಅಂತೂ ಬೇಡವೇ ಬೇಡ. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಕಡಿಸಿ, ಬಿಸಿಲು ಬೀಳಲಿ.