ಕ್ಲೋರಿನ್ ಬಿಟ್ಟು ಪೂಲ್ ನೀರು ಸ್ವಚ್ಛ ಇಡಾಕ ಬರ್ತದೇನ್ರಿ?

ಪ್ರಶ್ನೆ: ನಮಸ್ಕಾರ್ರೀ. ಸೊಲ್ಲಾಪುರ ರೋಡಿನ ಕಡೆ ನಮ್ಮ ಹೊಲದ ಮನಿ ಐತ್ರಿ, ಹೋದ ವರ್ಷ ಹುಡುಗ್ರ ಸಲುವಾಗಿ 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ್ದೊಂದು ಪೂಲ್ ಕಟ್ಟಿಸೀವಿ. ಬೋರಿನ ನೀರು, ಬ್ಲೀಚಿಂಗ್ ಪೌಡರ್ ಹಾಕ್ತೀವಿ. ಹುಡುಗ್ರ ಕಣ್ಣು ಕೆಂಪಾಗ್ತಾವ, ವಾಸನಿ ಅಂತೂ ಮೂಗು ಮುಚ್ಚಿಕೊಳ್ಳೂ ಹಂಗ. ಒಬ್ರು ತಾಮ್ರದ ಮಷೀನ್ ಕೂಡಸ್ರಿ ಅಂತಾರ, ಇನ್ನೊಬ್ರು ಉಪ್ಪಿನ ಸಿಸ್ಟಂ ಅಂತಾರ. ಏನ್ ಮಾಡೂದ್ರಿ?
– ಒಬ್ಬ ತಾಯಿ, ವಿಜಯಪುರ

ಉತ್ತರ: ಅಕ್ಕಾರ, ಮೊದಲ ಆ ವಾಸನಿ ಬಗ್ಗೆ ಹೇಳ್ತೀನಿ. ಅದು ಕ್ಲೋರಿನ್ ಹೆಚ್ಚಾಗಿ ಬರೂದಲ್ರಿ, ಬೆವರು, ಉಚ್ಚಿ ಕೂಡ ಸೇರಿ ಕ್ಲೋರಿನ್ ಕ್ಲೋರಮೈನ್ ಆಗ್ತದ, ಕಣ್ಣು ಉರಿಯೂದೂ ವಾಸನಿ ಬರೂದೂ ಅದರಿಂದನ, ಅಂದ್ರ ಕೆಲಸ ಮಾಡೂ ಕ್ಲೋರಿನ್ ಮುಗದೈತಿ ಅಂತ ಅರ್ಥ. ನಮ್ಮ ತಮ್ಮನ ಮನ್ಯಾಗೂ ಹಿಂಗ ಆಗಿತ್ತು. ಹಳದಿ ಬಣ್ಣ ಬರೂ ಡ್ರಾಪ್ಸ್ ಹಾಕಿ ನೋಡಿ ಕ್ಲೋರಿನ್ ಬೇಕಾದಷ್ಟೈತಿ ಅಂತಿದ್ದ, ಆ ಡ್ರಾಪ್ಸ್ ಕೆಲಸ ಮಾಡೂ ಕ್ಲೋರಿನ್ನೂ ಕ್ಲೋರಮೈನೂ ಎರಡೂ ಕೂಡಿಸಿ ತೋರಸ್ತಾವ. ಕೆಲಸ ಮಾಡೂ ಕ್ಲೋರಿನ್ನಷ್ಟ ಬ್ಯಾರೆ ಅಳೆಯೂ ಡಿಪಿಡಿ ಗುಳಿಗಿ ಕಿಟ್ ತಂದು ನೋಡಿದ್ರ ಗುಲಾಬಿ ಬಣ್ಣ ಬಂದೂ ಬರದಂಗ ಬಂತು, ಅಂದ್ರ ಅದು ಇದ್ದದ್ದ ಕಮ್ಮಿ.

ನಿಮ್ಮಲ್ಲಿ ಇನ್ನೊಂದು ತೊಂದ್ರಿ ಐತಿ. ಬೋರಿನ ನೀರು ಮೊದಲ ಗಡಸು, ಅದರ ಮ್ಯಾಲ ಬ್ಲೀಚಿಂಗ್ ಪೌಡರ್ ಸುಣ್ಣಾನೂ ಪಿಎಚ್ಚನ್ನೂ (ನೀರು ಹುಳಿನೋ ಕ್ಷಾರನೋ ಅಂತ ತೋರಸೂ ಅಂಕಿ) ಏರಸ್ತದ. ಪಿಎಚ್ 8 ದಾಟಿದ್ರ ಹಾಕಿದ ಕ್ಲೋರಿನ್ನಿನ ಜೋರು ಭಾಳ ಇಳದು ಹೋಗ್ತದ. 7.2 ರಿಂದ 7.8ರ ಒಳಗ ಇರಬೇಕು.

ಈಗ ತಾಮ್ರದ ಮಷೀನ್, ಅಂದ್ರ ನೀರಿಗೆ ಸಣ್ಣಾಗಿ ತಾಮ್ರದ ಅಂಶ ಬಿಡೂ ಮಷೀನ್. ತಾಮ್ರದ ತಂಬಿಗ್ಯಾಗ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡೀತೀವಲ್ಲ, ಅಲ್ಲಿ ತಾಸುಗಟ್ಟಲೆ ಟೈಮ್ ಸಿಗ್ತದ. ಪೂಲಿನಾಗ ಒಂದು ಹುಡುಗ ಉಚ್ಚಿ ಹೊಯ್ದ ಮರು ನಿಮಿಷಕ್ಕ ಬಾಜೂಕಿನ ಹುಡುಗ ಆ ನೀರು ನುಂಗ್ತಾನ! ಅಷ್ಟು ಬೇಗ ತಾಮ್ರ ಕ್ರಿಮಿ ಕೊಲ್ಲಂಗಿಲ್ಲ, ಮತ್ತ ಹೆಚ್ಚಾದ್ರ ಗ್ವಾಡಿಗೆ ಕಲೆ, ಬೆಳ್ಳನ ಕೂದಲಕ್ಕ ಹಸಿರು ಛಾಯಾ.

ಉಪ್ಪಿನ ಸಿಸ್ಟಂ ಅಂದ್ರ ಕ್ಲೋರಿನ್ ಇಲ್ಲಂತಲ್ಲ, ಕರೆಂಟಿನಿಂದ ಉಪ್ಪಿನಾಗಿಂದನ ಕ್ಲೋರಿನ್ ತಯಾರು ಮಾಡ್ತದ. ನಿಮ್ಮ ಪೂಲಿನಾಗ ಸುಮಾರು 22 ಸಾವಿರ ಲೀಟರ್ ನೀರು, ಲೀಟರಿಗೆ 3 ಗ್ರಾಂ ಮ್ಯಾಲ ಅಂತ ಹಿಡಿದ್ರ 70 ಕೆಜಿ ಉಪ್ಪು ಬೇಕು, ಸಮುದ್ರದ ಉಪ್ಪಿನ ಹತ್ತನೇ ಪಾಲಷ್ಟ. ದಿನಾ ಸಣ್ಣಾಗಿ ಕ್ಲೋರಿನ್ ಬರ್ತಿರೂದ್ರಿಂದ ನೀರು ಮೈಗೆ ಹಿತ ಅನ್ನಸ್ತದ ಖರೆ, ಆದ್ರ ನಮ್ಮ ಗಡಸು ನೀರಿಗೆ ಅದರ ಪ್ಲೇಟಿಗೆ ಬೇಗ ಸುಣ್ಣ ಕಟ್ಟತದ, ಆಗಾಗ ಬಿಚ್ಚಿ ತೊಳೀಬೇಕು. ಕ್ಲೋರಿನ್ ಬದಲಿಗೆ ಕೆಲವ್ರು ಹಾಕೂ ಬ್ರೋಮಿನ್ ಬ್ಯಾಡ್ರಿ, ನಮ್ಮ ಬಿಸಲಿಗೆ ನಿಲ್ಲಂಗಿಲ್ಲ.

ನನಗ ಮನಸಿಗೆ ಬಂದದ್ದು ಯುವಿ, ಅಂದ್ರ ಕ್ರಿಮಿ ಕೊಲ್ಲೂ ಅತಿನೇರಳೆ ಬೆಳಕು. ಪಂಪಿನ ಪೈಪಿಗೆ ಲ್ಯಾಂಪ್ ಕೂಡಸ್ತಾರ, ಕ್ಲೋರಿನ್ನಿಗೆ ಜಗ್ಗದ, ಭೇದಿ ಹಚ್ಚೂ ಕ್ರಿಪ್ಟೋಸ್ಪೊರಿಡಿಯಂ ಅನ್ನೂ ಕ್ರಿಮಿನೂ ಅದು ತಡೀತದ, ಕ್ಲೋರಮೈನ್ ಕಮ್ಮಿ ಮಾಡ್ತದ. ಆದ್ರ ಲ್ಯಾಂಪ್ ಮುಂದ ಹಾದ ನೀರಷ್ಟ ಸ್ವಚ್ಛ, ಪೂಲಿನಾಗ ನಿಂತ ನೀರಿಗೆ ಏನೂ ಕಾವಲಿಲ್ಲ. ಕ್ರಿಮಿ ಕೊಲ್ಲಾಕ ನೀರಿಗೆ ಬಿಡೂ ಓಝೋನ್ ಗ್ಯಾಸಿನದೂ ಇದೇ ಕಥಿ. ಅದಕ್ಕ 1 ಪಿಪಿಎಂನಷ್ಟರೆ (ಲೀಟರಿಗೆ 1 ಮಿಲಿಗ್ರಾಂ) ಕ್ಲೋರಿನ್ ಇರಾಕ ಬೇಕ್ರಿ. ಕೇರಳದಾಗ ಮೆದುಳು ತಿನ್ನೂ ಅಮೀಬಾದಿಂದ ಸಣ್ಣ ಮಕ್ಕಳು ತೀರಿಹೋದ ಸುದ್ದಿ ಓದಿರಬೇಕು ನೀವು, ಅದು ಬೆಚ್ಚಗಿನ, ಕ್ಲೋರಿನ್ ಇಲ್ಲದ ಸಿಹಿನೀರಿನಾಗ ಬೆಳೆಯೂದು. ನಮ್ಮ ಏಪ್ರಿಲ್-ಮೇ ಬಿಸಲಿನಾಗ ಪೂಲ್ ನೀರು ಎಷ್ಟು ಬೆಚ್ಚಗಾಗ್ತದ ನೆನಸ್ಕೊಳ್ರಿ.

ಹಂಗಾಗಿ ಲ್ಯಾಂಪಿಗೆ ರೊಕ್ಕ ಹಾಕೂ ಮೊದಲ ಡಿಪಿಡಿ ಕಿಟ್ ತರ್ರಿ, ಪಿಎಚ್ ಇಳಸ್ರಿ, ಬ್ಲೀಚಿಂಗ್ ಪೌಡರ್ ಬಿಟ್ಟು ಲಿಕ್ವಿಡ್ ಕ್ಲೋರಿನ್ ಸಂಜಿಮುಂದ ಹಾಕ್ರಿ, ಹಗಲು ಹಾಕಿದ್ರ ಬಿಸಲು ತಿಂದ್ಬಿಡ್ತದ. ಹುಡುಗ್ರು ಇಳಿಯೂ ಮೊದಲ ಮೈ ತೊಳಕೊಂಡು, ಬಚ್ಚಲಕ್ಕ ಹೋಗಿ ಬರಲಿ, ಅರ್ಧ ವಾಸನಿ ಅಲ್ಲೇ ಹೋಗ್ತದ. ಇನ್ನೊಂದು, ಪಿಎಚ್ ಇಳಸಾಕ ತರೂ ಆಸಿಡ್ ಕ್ಯಾನ್ ಮತ್ತ ಕ್ಲೋರಿನ್ ಕ್ಯಾನ್ ಒಂದ ಖೋಲ್ಯಾಗ ಇಡಬ್ಯಾಡ್ರಿ, ಒಂದ ಬಕೀಟಿನಾಗ ಅಂತೂ ಅಪ್ಪಿತಪ್ಪಿನೂ ಸುರೀಬ್ಯಾಡ್ರಿ, ಎರಡೂ ಕೂಡಿದ್ರ ಅಲ್ಲೇ ವಿಷದ ಗ್ಯಾಸ್ ಏಳ್ತದ. ಹೊಲದಾಗ ಕೆಲಸ ಮಾಡಾವ್ರಿಗೂ ಇದನ್ನ ಕೂಡಿಸಿ ಹೇಳ್ರಿ.