ಪೊಲೀಸನೇ ಶಂಕಿತನಾದಾಗ ಊಹೆಗೆ ಎಷ್ಟು ಜಾಗ?

ಪ್ರಶ್ನೆ: 2021ರ ಮಾರ್ಚ್‌ನಲ್ಲಿ ಲಂಡನ್ನಿನ ಸಾರಾ ಎವರಾರ್ಡ್ ಕಾಣೆಯಾದಾಗ, ಅಪಹರಣ ಮತ್ತು ಕೊಲೆಯ ಶಂಕೆಯ ಮೇಲೆ ಸಿಕ್ಕಿಬಿದ್ದವನು ಒಬ್ಬ ಪೊಲೀಸ್. ಆದರೆ ಮೊಕದ್ದಮೆ ಮುಗಿಯುವವರೆಗೆ ಅವನ ಬಗ್ಗೆ ಊಹಾಪೋಹ ಬೇಡವೆಂದು ಕಾನೂನು ಬಲ್ಲವರು ಎಚ್ಚರಿಸುತ್ತಿದ್ದರು. ಕೊನೆಗೆ ಅವನೇ ಅಪರಾಧಿ ಎಂದಾಯಿತಲ್ಲವೇ? ಹಾಗಿದ್ದ ಮೇಲೆ ಜನರ ಊಹೆಯೇ ನಿಜವಾಗಿತ್ತು, ಇಲಾಖೆ ತನ್ನವನನ್ನು ಕಾಯಲು ನಿಯಮದ ಮರೆಯಲ್ಲಿ ನಿಂತಿತ್ತು ಎಂದರೆ ತಪ್ಪೇ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಜನರ ಊಹೆ ನಿಜವಾಗಿತ್ತು ಎಂಬ ಮಾತನ್ನು ನಾನು ಒಪ್ಪಲಾರೆ. ಯಾರು ಎಂಬುದಷ್ಟೇ ಹೊಂದಿಕೊಂಡಿತು; ಹೇಗೆ ಎಂಬುದು ಹೆಚ್ಚಿನವರ ಕಲ್ಪನೆಗೂ ಬಂದಿರಲಿಲ್ಲ. ರಾತ್ರಿ ಒಬ್ಬಳೇ ಏಕೆ ನಡೆದು ಹೊರಟಳು ಎಂದು ಸತ್ತವಳನ್ನೇ ಪ್ರಶ್ನಿಸಿದವರೂ ಆಗ ಇದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಶಿಕ್ಷೆಯ ವಿಚಾರಣೆ ನಡೆದಾಗಲೇ ಪೂರ್ಣ ವಿವರ ಹೊರಬಿತ್ತು: ವೇಯ್ನ್ ಕೌಜನ್ಸ್ ತನ್ನ ಪೊಲೀಸ್ ಗುರುತಿನ ಚೀಟಿ ತೋರಿಸಿ, ಕೋವಿಡ್ ನಿಯಮ ಮುರಿದಿದ್ದೀಯೆಂಬ ನೆಪ ಹೂಡಿ, ಕೈಕೋಳ ತೊಡಿಸಿ, ಬಾಡಿಗೆಗೆ ತಂದಿದ್ದ ಕಾರಿನಲ್ಲಿ ಆಕೆಯನ್ನು ಕರೆದೊಯ್ದಿದ್ದ.

ಆ ವಿಚಾರಣೆಯ ಒಂದು ಸಾಕ್ಷ್ಯ ನನ್ನ ಮನಸ್ಸಿನಿಂದ ಹೋಗಿಲ್ಲ. ಆ ಹೊತ್ತಿಗೆ ಅದೇ ರಸ್ತೆಯಲ್ಲಿ ಕಾರಿನಲ್ಲಿ ಹೋಗುತ್ತಿದ್ದ ದಂಪತಿ ಕೈಕೋಳ ತೊಡಿಸುವುದನ್ನು ಕಣ್ಣಾರೆ ಕಂಡಿದ್ದರು. ಮಫ್ತಿಯಲ್ಲಿರುವ ಪೊಲೀಸನೊಬ್ಬ ಯಾರನ್ನೋ ಬಂಧಿಸುತ್ತಿದ್ದಾನೆ, ಆ ಹೆಂಗಸು ಏನೋ ತಪ್ಪು ಮಾಡಿರಬೇಕು ಎಂದುಕೊಂಡು ಮುಂದೆ ಹೋದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ, ಅಲ್ಲಿದ್ದರೆ ನಾವೂ ಹಾಗೆಯೇ ಅಂದುಕೊಳ್ಳುತ್ತಿದ್ದೆವು. ಕಣ್ಣೆದುರಿಗೇ ನಡೆದದ್ದನ್ನು ಊಹೆ ಅಷ್ಟು ತಲೆಕೆಳಗಾಗಿ ಓದಿತೆಂದರೆ, ದೂರದಲ್ಲಿ ಕುಳಿತವರ ಊಹೆಯನ್ನು ಎಷ್ಟು ನಂಬಬಹುದು?

ಇನ್ನು ನಿಯಮದ ಮಾತು. ಇಂಗ್ಲೆಂಡಿನಲ್ಲಿ 1981ರ ನ್ಯಾಯಾಂಗ ನಿಂದನೆ ಕಾಯ್ದೆಯ ಪ್ರಕಾರ, ಬಂಧನವಾದ ಕ್ಷಣದಿಂದಲೇ ಪ್ರಕರಣ ಜಾರಿಯಲ್ಲಿದೆ ಎಂದು ಲೆಕ್ಕ, ಮುಂದೆ ಜ್ಯೂರಿಯಲ್ಲಿ, ಅಂದರೆ ಅಪರಾಧಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ಜನರ ಮಂಡಲಿಯಲ್ಲಿ, ಕೂರಲಿರುವ 12 ಮಂದಿಯ ಮನಸ್ಸನ್ನು ಕೆಡಿಸುವಂಥದ್ದನ್ನು ಪ್ರಕಟಿಸಿದರೆ ಶಿಕ್ಷೆಯಾಗುತ್ತದೆ. ಆರೋಪಿ ಪೊಲೀಸನಾಗಿರಲಿ, ಇನ್ನಾರೇ ಆಗಿರಲಿ, ಈ ನಿಯಮ ಒಂದೇ. 2010ರ ಡಿಸೆಂಬರ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಯುವತಿಯೊಬ್ಬಳ ಕೊಲೆಯಾದಾಗ ಆಕೆಯ ಮನೆಯ ಮಾಲೀಕರಾದ ನಿವೃತ್ತ ಶಿಕ್ಷಕರನ್ನು ಪೊಲೀಸರು ಬಂಧಿಸಿದರು. ಪತ್ರಿಕೆಗಳು ಅವರ ಕೂದಲು, ನಡೆನುಡಿಗಳನ್ನೇ ಹಿಡಿದು ಕೊಲೆಗಾರನ ಚಿತ್ರ ಬಿಡಿಸಿದವು. ಅವರು ಸಂಪೂರ್ಣ ನಿರಪರಾಧಿ. ಕೊಂದವನು ಪಕ್ಕದ ಮನೆಯವನು. 2011ರಲ್ಲಿ ಎರಡು ಪತ್ರಿಕೆಗಳಿಗೆ ನ್ಯಾಯಾಂಗ ನಿಂದನೆಗಾಗಿ ದಂಡ ಬಿತ್ತು. ಕೌಜನ್ಸ್‌ನಂಥ ನಿಜವಾದ ಅಪರಾಧಿಯ ವಿಷಯದಲ್ಲಿ ಅಪಾಯ ಇನ್ನೊಂದು ಬಗೆಯದು: ಜ್ಯೂರಿ ಮೊದಲೇ ತೀರ್ಪು ಕೊಟ್ಟಾಗಿದೆ ಎಂದು ವಾದಿಸಲು ಅವನ ವಕೀಲರಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಅವನು 2021ರ ಜುಲೈ 9ರಂದು ಕೊಲೆಯನ್ನು ಒಪ್ಪಿಕೊಂಡದ್ದರಿಂದ ಆ ಪ್ರಸಂಗ ಬರಲಿಲ್ಲ, ಸೆಪ್ಟೆಂಬರ್ 30ರಂದು ಸಾಯುವವರೆಗಿನ ಸೆರೆವಾಸವಾಯಿತು.

ಆದರೆ ನಿಮ್ಮ ಕೊನೆಯ ಮಾತಿನಲ್ಲಿ ಹುರುಳಿದೆ. ಆರೋಪಿಯ ಬಗ್ಗೆ ಊಹಿಸುವುದು ಬೇರೆ, ಅವನಿಗೆ ಕೆಲಸ ಕೊಟ್ಟ ಇಲಾಖೆಯನ್ನು ಪ್ರಶ್ನಿಸುವುದು ಬೇರೆ. ಎರಡನೆಯದು ಮೊದಲ ದಿನದಿಂದಲೇ ಜನರ ಹಕ್ಕಾಗಿತ್ತು, ಅದನ್ನು ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು. ಈ ಪ್ರಕರಣದ ವಿಚಾರಣೆಗೆ ಸರ್ಕಾರ ನೇಮಿಸಿದ್ದ ಎಲಿಶ್ ಆಂಜಿಯೊಲಿನಿ ಅವರ ವರದಿಯ ಮೊದಲ ಭಾಗ 2024ರ ಫೆಬ್ರವರಿಯಲ್ಲಿ ಬಂತು; ಅದು, ಅವನು ಎಂದೂ ಪೊಲೀಸ್ ಆಗಬಾರದಿತ್ತು ಎಂದು ಸ್ಪಷ್ಟವಾಗಿ ಹೇಳಿದೆ. ಅವನ ಅಸಭ್ಯ ವರ್ತನೆಯ ಬಗ್ಗೆ 2015ರಲ್ಲೇ ಲಂಡನ್ ಪಕ್ಕದ ಕೆಂಟ್ ಪ್ರಾಂತ್ಯದ ಪೊಲೀಸರಿಗೆ ದೂರು ಹೋಗಿತ್ತು, ಏನೂ ಆಗಲಿಲ್ಲ. 2021ರ ಫೆಬ್ರವರಿಯಲ್ಲಿ ಕೆಂಟ್‌ನ ಉಪಾಹಾರ ಗೃಹವೊಂದರ ಸಿಬ್ಬಂದಿಯ ಮುಂದೆ ಅವನು ಕಾರಿನೊಳಗಿಂದ ನಗ್ನತೆ ಪ್ರದರ್ಶಿಸಿದ, ಅವರು ಕಾರಿನ ನಂಬರನ್ನೂ ಕೊಟ್ಟು ದೂರಿದರು. ಆ ದೂರನ್ನು ವಿಚಾರಿಸಲು ಪೊಲೀಸ್ ಅಧಿಕಾರಿಯೊಬ್ಬರು ಅಲ್ಲಿಗೆ ಬಂದದ್ದು ಮಾರ್ಚ್ 3ರಂದು. ಅಂದು ರಾತ್ರಿಯೇ ಸಾರಾ ಗೆಳತಿಯ ಮನೆಯಿಂದ ಹೊರಟು ಕ್ಲ್ಯಾಪಮ್‌ನ ಬೀದಿಯಲ್ಲಿ ನಡೆದು ಬರುತ್ತಿದ್ದಳು.