ಒಂದು ಅವಸರ ಕೊಡಿ!

ಡಿಸೆಂಬರಿನ ಪಂಚಾಯತ್ ಚುನಾವಣೆ ಮುಗಿದದ್ದೇ ತಡ, ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಚಾರದ ಬಗ್ಗೆಯೇ. ಹೊಸ ಓದುಗರಿಗೆ ಒಂದು ಮಾತು. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಬದಿಯವನು. ಮೊದಲು ಗೋಡೆ ಬರೆಯುತ್ತಿದ್ದೆ, ಆಮೇಲೆ ಜೀಪಿನಲ್ಲಿ ಮೈಕ್ ಹಿಡಿದೆ, ಕೊನೆಗೆ ಎರಡು ಚುನಾವಣೆಗೆ ಒಂದು ಪ್ರಚಾರ ಕಂಪೆನಿಯ ಸರ್ವೆ ತಂಡದಲ್ಲಿದ್ದೆ. ಯಾವ ಪಕ್ಷ ಅಂತ ಕೇಳಬೇಡಿ. ಎಲ್ಲರ ಚಿಹ್ನೆಯನ್ನೂ ಬರೆದ ಕೈ ಇದು.

ಪ್ರಶ್ನೆ: ನನಗೆ ಪ್ರಶಾಂತ್ ಕಿಶೋರ್ ಅವರ ಹಾಗೆ ಚುನಾವಣಾ ತಂತ್ರಗಾರ ಆಗಬೇಕು ಅಂತ ಆಸೆ. ಬಿಕಾಂ ಕೊನೆಯ ವರ್ಷ. ಯಾವ ಕೋರ್ಸ್ ಮಾಡಬೇಕು? (ವಿದ್ಯಾರ್ಥಿ, ಬದಿಯಡ್ಕ)

ಕೋರ್ಸಿನ ಹಿಂದೆ ಓಡಬೇಡ ತಮ್ಮಾ. ಪ್ರಶಾಂತ್ ಕಿಶೋರ್ ಮೊದಲು ಇದ್ದದ್ದು ವಿಶ್ವಸಂಸ್ಥೆಯ ಆರೋಗ್ಯದ ಕೆಲಸದಲ್ಲಿ. 2012ರಲ್ಲಿ ಗುಜರಾತಿನ ಚುನಾವಣೆಗೆ ಇಳಿದರು. 2014ರ ಲೋಕಸಭೆ ಚುನಾವಣೆಯಲ್ಲಿ ಮೋದಿಯವರ ಪರ ಮಾಡಿದ ‘ಚಾಯ್ ಪೇ ಚರ್ಚಾ’ದಿಂದ, ಅಂದರೆ ಚಹಾ ಕುಡಿಯುತ್ತಾ ಮಾತಾಡುವ ಸಭೆಗಳಿಂದ, ಹೆಸರಾದರು. ಮರುವರ್ಷವೇ ಬಿಹಾರದಲ್ಲಿ ಮೋದಿಯವರ ಎದುರು ನಿತೀಶ್ ಕುಮಾರ್ ಪರ ಕೂತರು. ಅಂಗಡಿ ಅದೇ, ಗಿರಾಕಿ ಬೇರೆ. ಅಲ್ಲೂ ಗೆದ್ದರು.

ಆದರೆ 2017ರ ಮಾರ್ಚ್ 11 ನೆನಪಿಟ್ಟುಕೋ. ಅವತ್ತು ಒಂದೇ ದಿನ ಪಂಜಾಬ್ ಮತ್ತು ಉತ್ತರ ಪ್ರದೇಶದ ಎಣಿಕೆ. ಎರಡೂ ಕಡೆ ಕಾಂಗ್ರೆಸ್ಸಿಗೆ ಇವರದ್ದೇ ತಂಡ. ಪಂಜಾಬಿನಲ್ಲಿ 117ರಲ್ಲಿ 77 ಸೀಟು ಬಂತು. ಉತ್ತರ ಪ್ರದೇಶದಲ್ಲಿ 403ರಲ್ಲಿ ಬರೀ 7. ಅಲ್ಲಿ ‘ಖಾಟ್ ಸಭಾ’ ಅಂತ ಮಾಡಿದ್ದರು. ಹಗ್ಗದ ಮಂಚಗಳ ಮೇಲೆ ರೈತರನ್ನು ಕೂರಿಸಿ ಮಾತಾಡುವುದು. ಸಭೆ ಮುಗಿದದ್ದೇ ಜನ ಮಂಚ ಹೊತ್ತುಕೊಂಡು ಮನೆಗೆ ಹೋದರು! ಇನ್ನು ಆಂಧ್ರ ನೋಡು. 2019ರಲ್ಲಿ ಜಗನ್ ಪಕ್ಷಕ್ಕೆ 175ರಲ್ಲಿ 151. ಕಿಶೋರ್ ಬಿಟ್ಟುಹೋದ ಮೇಲೂ ಅವರು ಕಟ್ಟಿದ ಐಪ್ಯಾಕ್ ಸಂಸ್ಥೆ ಜಗನ್ ಜೊತೆಗೇ ಇತ್ತು. 2024ರಲ್ಲಿ ಬಂದದ್ದು 11. ಕಂಬಳ ನೋಡಿದವನಾದರೆ ನಿನಗೆ ಗೊತ್ತಿರಬೇಕು, ಓಡಿಸುವವನ ಚಾಕಚಕ್ಯ ಒಂದು ಪಾಲಾದರೆ ಓಡುವ ಕೋಣವನ್ನು ಮೊದಲೇ ಗುರುತಿಸುವುದು ಇನ್ನೊಂದು ಪಾಲು.

ನನ್ನನ್ನು ಕೇಳಿದರೆ ನೀನು ನೋಡಬೇಕಾದವರು ಸುನಿಲ್ ಕನುಗೋಲು. ಬಳ್ಳಾರಿ ಮೂಲದವರು. 2023ರಲ್ಲಿ ಕರ್ನಾಟಕ ಕಾಂಗ್ರೆಸ್ಸಿನ 135 ಸೀಟಿನ ಹಿಂದಿದ್ದ ತಲೆ. ಅವರದ್ದೊಂದು ಫೋಟೋ ಸಿಗುವುದೇ ಕಷ್ಟ. ಎಲ್ಲೂ ಭಾಷಣ ಇಲ್ಲ, ಸಂದರ್ಶನ ಇಲ್ಲ. ಈ ಕೆಲಸಕ್ಕೆ ಅಂಥ ಸ್ವಭಾವವೇ ಒಳ್ಳೆಯದು ಅಂತ ನನ್ನ ಅಂದಾಜು.

ಕಲಿಯುವುದು ಹೇಗೆ? ಫಾರಂ 20 ಅಂತ ಒಂದು ಉಂಟು. ಪ್ರತಿ ಬೂತಿನಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಅನ್ನುವ ಲೆಕ್ಕ. ಚುನಾವಣಾ ಅಧಿಕಾರಿಗಳೇ ಪ್ರಕಟಿಸುತ್ತಾರೆ, ನಯಾಪೈಸೆ ಖರ್ಚಿಲ್ಲ. ಮಂಜೇಶ್ವರ ವಿಧಾನಸಭೆ ಕ್ಷೇತ್ರದ 2016ರದ್ದನ್ನೂ 2021ರದ್ದನ್ನೂ ಪಕ್ಕಪಕ್ಕ ಇಟ್ಟುಕೋ. 2016ರಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಗೆದ್ದದ್ದು 89 ಓಟಿನಿಂದ. 2021ರಲ್ಲಿ ಅದೇ ಪಕ್ಷದ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745ರಿಂದ. ಎರಡು ಸಲವೂ ಸೋತವರು ಬಿಜೆಪಿಯ ಕೆ. ಸುರೇಂದ್ರನ್. ಈ ನಡುವೆ ನಿನ್ನ ಊರಿನ ಹತ್ತಿರದ ಬೂತುಗಳಲ್ಲಿ ಎಷ್ಟು ಓಟು ಅತ್ತಿತ್ತ ಆಯಿತು, ಯಾಕೆ ಆಯಿತು ಅಂತ ಒಂದು ಪುಟ ಬರೆ. ಬರೆಯಲಿಕ್ಕೆ ಬಂದರೆ ಆಮೇಲೆ ಕೆಲಸ ಕೇಳಲು ಹೋಗು.

ನಮ್ಮ ತಂಡದಲ್ಲಿ ಐಐಟಿಯಲ್ಲಿ ಕಲಿತ ಹುಡುಗನೊಬ್ಬನಿದ್ದ. ಲ್ಯಾಪ್‌ಟಾಪಿನಲ್ಲಿ ಎಂಥ ನಕ್ಷೆ ಅಂತೀಯ! ಬಣ್ಣ ಬಣ್ಣದ್ದು. ಆದರೆ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಡುವ ದಿನ ಹೆಂಗಸರು ಮನೆಯಲ್ಲಿ ಇರುವುದಿಲ್ಲ ಅಂತ ಪಾಪ ಅವನಿಗೆ ಗೊತ್ತಿರಲಿಲ್ಲ. ಮೂರು ದಿನ ಮನೆಮನೆ ತಿರುಗಿ ಬರೀ ಅಜ್ಜಂದಿರ ಅಭಿಪ್ರಾಯ ಬರೆದುಕೊಂಡು ಬಂದ. ನಾಲ್ಕನೆಯ ದಿನ ಅವನನ್ನು ಬೀಡಿ ಬ್ರಾಂಚಿನ ಜಗಲಿಗೆ ಕರೆದುಕೊಂಡು ಹೋದೆ. ಒಂದೇ ಗಂಟೆಯಲ್ಲಿ ಅವನ ಪುಸ್ತಕ ತುಂಬಿತು. ಕುಡಿಯುವ ನೀರು, ಮಕ್ಕಳ ಬಸ್ಸು, ಸಂಜೆ ಮೇಲೆ ಉರಿಯದ ಬೀದಿದೀಪ.

ಇನ್ನೊಂದು. ಇದು ಚುನಾವಣೆ ಇದ್ದಷ್ಟು ದಿನದ ಕೆಲಸ. ಎಣಿಕೆ ಮುಗಿದ ಮರುದಿನ ಆಫೀಸಿಗೆ ಬೀಗ. ನನಗೆ ಕೊನೆಯ ತಿಂಗಳ ಸಂಬಳ ಇವತ್ತಿನವರೆಗೆ ಬರಲಿಲ್ಲ. ಬಿಕಾಂ ಪಾಸು ಮಾಡಿಕೋ.

ಪ್ರಶ್ನೆ: ಒಂದು ಘೋಷಣೆಯಿಂದ ನಿಜವಾಗಿ ಓಟು ಬೀಳುತ್ತದಾ? (ಶಿಕ್ಷಕಿ, ಕುಂಬಳೆ)

ಬೀಳುವುದು ಗೊತ್ತಿಲ್ಲ ಟೀಚರ್, ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ.

ಒಂದು ಸಲ ದಕ್ಷಿಣದ ಕಡೆಯಿಂದ ಮಲಯಾಳದಲ್ಲಿ ಬರೆದ ಘೋಷಣೆ ಬಂತು, ‘ಒರು ಅವಸರಂ ತರೂ’ ಅಂತ. ಮಲಯಾಳದಲ್ಲಿ ಅವಸರ ಅಂದರೆ ಅವಕಾಶ. ಅದನ್ನು ಯಾರೋ ಪುಣ್ಯಾತ್ಮರು ಕನ್ನಡಕ್ಕೆ ಹಾಗೆಯೇ ಎತ್ತಿ ಇಟ್ಟರು. ಫ್ಲೆಕ್ಸಿನಲ್ಲಿ ಅಭ್ಯರ್ಥಿ ಕೈಮುಗಿದು ನಿಂತಿದ್ದಾರೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ನಮಗೂ ಒಂದು ಅವಸರ ಕೊಡಿ’. ನೋಡಿದ ಕೂಡಲೇ ನಾನು ಫೋನ್ ಮಾಡಿದೆ. ಅಷ್ಟರಲ್ಲಿ ಐವತ್ತು ಪ್ರಿಂಟ್ ಆಗಿ ಕಟ್ಟಿಯೂ ಆಗಿತ್ತು. ಮರುದಿನ ಅಭ್ಯರ್ಥಿ ಹೋದಲ್ಲೆಲ್ಲ ಒಂದೇ ಮಾತು, ‘ಎಂತ ಅವಸರ ಮಾರಾಯ್ರೇ? ಕೂತ್ಕೊಳ್ಳಿ, ಬೆಲ್ಲ ನೀರು ಕುಡಿದು ಹೋಗಿ.’ ಪಾಪ, ಅವರಿಗೆ ಕನ್ನಡ ಬಾರದು. ಜನರಿಗೆ ತನ್ನ ಮೇಲೆ ಎಷ್ಟು ಪ್ರೀತಿ ಅಂತ ಖುಷಿಪಟ್ಟರು.

ಗೆದ್ದ ಉದಾಹರಣೆ ಬೇಕಾದರೆ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಬಂದ ‘ಪೇಸಿಎಂ’ ಪೋಸ್ಟರು. ಕ್ಯೂಆರ್ ಕೋಡಿನ ನಡುವೆ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರ ಮುಖ. ಶೇಕಡಾ 40 ಕಮಿಷನ್ ಅನ್ನುವ ಆರೋಪ ಗುತ್ತಿಗೆದಾರರ ಸಂಘದವರು ಅದಕ್ಕೆ ಮೊದಲೇ ಮಾಡಿದ್ದು. ಪತ್ರಿಕೆಯಲ್ಲಿ ಓದಿ ಜನ ಮರೆಯುವುದರಲ್ಲಿದ್ದರು. ಕ್ಯೂಆರ್ ಕೋಡ್ ಮೀನು ಮಾರುವವರ ಬುಟ್ಟಿಯ ಹತ್ತಿರವೂ ಇರುವ ವಸ್ತು ಅಲ್ವಾ? ಓದಲು ಬಾರದವರಿಗೂ ಅದು ದುಡ್ಡು ಹಾಕುವ ಜಾಗ ಅಂತ ಗೊತ್ತು. ಜನರ ಬಾಯಲ್ಲಿ ಆಗಲೇ ಇದ್ದ ದೂರನ್ನು ಜನರ ಕೈಯಲ್ಲಿ ಆಗಲೇ ಇದ್ದ ಚಿತ್ರಕ್ಕೆ ಅಂಟಿಸಿದರು. ಹೊಸತಾಗಿ ಏನನ್ನೂ ಹೇಳಲಿಲ್ಲ.

ಪ್ರಶ್ನೆ: ಸರ್ವೆಗೆ ಬಂದವರಿಗೆ ಸತ್ಯ ಹೇಳಬೇಕಾ? (ಗೃಹಿಣಿ, ಪೈವಳಿಕೆ)

ಹೇಳಬೇಕಾಗಿಲ್ಲ ಅಕ್ಕ. ನಿಮ್ಮ ಓಟು ನಿಮ್ಮ ಗುಟ್ಟು. ನೀವು ಸುಳ್ಳು ಹೇಳುತ್ತೀರಿ ಅಂತ ಬಂದವರಿಗೂ ಗೊತ್ತಿರುತ್ತದೆ. ಅದಕ್ಕೇ ‘ನಿಮ್ಮ ಓಟು ಯಾರಿಗೆ’ ಅಂತ ಮೊದಲೇ ಕೇಳುವುದಿಲ್ಲ. ‘ನಿಮ್ಮ ನೆರೆಕರೆಯಲ್ಲಿ ಜನ ಎಂತ ಹೇಳ್ತಾರೆ?’ ಅಂತ ಕೇಳುತ್ತೇವೆ. ನೆರೆಮನೆಯ ಹೆಸರಿನಲ್ಲಿ ಮನುಷ್ಯ ತನ್ನ ಮನಸ್ಸನ್ನೇ ಹೇಳುತ್ತಾನೆ. ಭಾಷೆಯೂ ನೋಡಬೇಕು. ಮಲಯಾಳದಲ್ಲಿ ಕೇಳಿದರೆ ‘ಎಲ್ಲ ಒಳ್ಳೆಯದೇ’ ಅನ್ನುವವರು ತುಳುವಿನಲ್ಲಿ ಕೇಳಿದರೆ ಅರ್ಧ ಗಂಟೆ ಬೈಯುತ್ತಾರೆ.

ಆಧಾರ್ ನಂಬರ್, ಬ್ಯಾಂಕಿನ ವಿವರ ಕೇಳಿದರೆ ಮಾತ್ರ ಬಾಗಿಲು ಹಾಕಿಬಿಡಿ. ಸರ್ವೆಗೆ ಅದು ಬೇಡ.

ಪ್ರಶ್ನೆ: ಒಂದೇ ತರದ ಹೆಸರಿನವರನ್ನು ನಿಲ್ಲಿಸುವುದು ಕೂಡಾ ತಂತ್ರವಾ? (ವ್ಯಾಪಾರಿ, ಉಪ್ಪಳ)

ಹಳೆಯ ತಂತ್ರ. ಮಲಯಾಳದಲ್ಲಿ ಇಂಥವರಿಗೆ ‘ಅಪರನ್’ ಅಂತ ಹೆಸರೇ ಉಂಟು. 2004ರ ಲೋಕಸಭೆ ಚುನಾವಣೆಯಲ್ಲಿ ಆಲಪ್ಪುಳದಲ್ಲಿ ಕಾಂಗ್ರೆಸ್ಸಿನ ವಿ.ಎಂ. ಸುಧೀರನ್ 1,009 ಓಟಿನಿಂದ ಸೋತರು. ಅಲ್ಲಿ ವಿ.ಎಸ್. ಸುಧೀರನ್ ಅನ್ನುವವರು ಎಂಟು ಸಾವಿರಕ್ಕೂ ಜಾಸ್ತಿ ಓಟು ತೆಗೆದುಕೊಂಡಿದ್ದರು. ನಮ್ಮಲ್ಲೂ 2016ರಲ್ಲಿ 89ರ ಅಂತರ ಬಂದಾಗ ಸುರೇಂದ್ರನ್ ಹೆಸರಿಗೆ ಹತ್ತಿರದ ಹೆಸರಿನ ಒಬ್ಬರಿಗೆ ನಾನ್ನೂರು ದಾಟಿ ಬಿದ್ದಿತ್ತು. ಈಗ ಮಿಷನಿನಲ್ಲಿ ಅಭ್ಯರ್ಥಿಯ ಫೋಟೋ ಇರುವುದರಿಂದ ಇದರ ಆಟ ಸ್ವಲ್ಪ ಕಡಿಮೆ. ನನಗಂತೂ ಇದು ತಂತ್ರ ಅನ್ನಿಸುವುದಿಲ್ಲ, ಕಣ್ಣು ಮಂಜಾದ ಅಜ್ಜಿಯ ಜೇಬಿಗೆ ಕೈ ಹಾಕಿದ ಹಾಗೆ.

ಪ್ರಶ್ನೆ: ಡಿಸೆಂಬರಿನಲ್ಲಿ ವಾರ್ಡಿಗೆ ನಿಂತು 11 ಓಟಿನಿಂದ ಸೋತೆ. ಫ್ಲೆಕ್ಸ್, ಬೈಕ್ ರ‍್ಯಾಲಿ, ವಾಟ್ಸಾಪ್ ವಿಡಿಯೋ ಎಲ್ಲ ಮಾಡಿದ್ದೆ. ಎಲ್ಲಿ ತಪ್ಪಿತು? (ಸೋತ ಅಭ್ಯರ್ಥಿ, ಮಂಜೇಶ್ವರ ಬ್ಲಾಕ್)

ನಿಮ್ಮ ಉದ್ದದ ಪತ್ರ ಎರಡು ಸಲ ಓದಿದೆ. ಅದರಲ್ಲಿ ಫ್ಲೆಕ್ಸಿನ ಅಳತೆ ಉಂಟು, ಮತದಾರರ ಪಟ್ಟಿಯ ಸುದ್ದಿಯೇ ಇಲ್ಲ. ಗ್ರಾಮ ಪಂಚಾಯತ್ ವಾರ್ಡಿಗೆ ಖರ್ಚಿನ ಮಿತಿ 25,000 ರೂಪಾಯಿ. ಬೈಕಿನ ಪೆಟ್ರೋಲಿಗೆ ಎಷ್ಟು ಹೋಯಿತು ಅಂತ ಕೇಳುವುದಿಲ್ಲ.

ನಿಮ್ಮ ಬೂತ್ ಏಜೆಂಟ್ ಅವತ್ತು ಓಟು ಹಾಕಿದವರ ಹೆಸರಿಗೆ ಗೆರೆ ಎಳೆಯುತ್ತಾ ಕೂತಿದ್ದರಲ್ಲ, ಆ ಪಟ್ಟಿ ಹುಡುಕಿ. ಗೆರೆ ಬೀಳದ ಹೆಸರುಗಳಲ್ಲಿ ನಿಮ್ಮವರು ಎಷ್ಟು ಮಂದಿ ಅಂತ ಎಣಿಸಿ. ಹನ್ನೊಂದಕ್ಕಿಂತ ಜಾಸ್ತಿ ಇರುತ್ತದೆ, ಪಂಥ.

ನಾನು ಪ್ರಚಾರದ ಮೇಸ್ತ್ರಿ ಅಂತ ಮೆರೆಯುತ್ತಿದ್ದ ಕಾಲದಲ್ಲಿ ನಮ್ಮದೂ ಒಂದು ವಾರ್ಡು ಹೋಗಿತ್ತು, ಮೂರು ಓಟಿನಲ್ಲಿ. ಗೆದ್ದೇ ಗೆಲ್ಲುತ್ತೇವೆ ಅಂತ ಮಾಲೆ ಪಟಾಕಿ ತಂದಿಟ್ಟಿದ್ದೆವು. ರಾತ್ರಿ ನಾಲ್ಕು ಜನ ಚಿಮಿಣಿ ದೀಪದಲ್ಲಿ ಪಟ್ಟಿ ಹರಡಿಕೊಂಡು ಕೂತೆವು. ಕರೆಂಟು ಕೂಡಾ ಅವತ್ತೇ ಹೋಗಬೇಕಾ! ಗುಡ್ಡದ ಬದಿಯ ಒಂದು ಮನೆ, ನಾಲ್ಕು ಹೆಸರು, ನಾಲ್ಕಕ್ಕೂ ನಾನೇ ಪೆನ್ಸಿಲಿನಲ್ಲಿ ‘ನಮ್ಮವರು’ ಅಂತ ಬರೆದಿದ್ದೆ. ಗೆರೆ ಬಿದ್ದದ್ದು ಒಂದಕ್ಕೆ. ಅಜ್ಜಿಗೆ ಗುಡ್ಡ ಇಳಿಯಲಿಕ್ಕೆ ರಿಕ್ಷಾ ಬೇಕಿತ್ತು. ಮಗ ಅಡಿಕೆ ಕೊಯ್ಲಿಗೆ ಹೋದವನು ಬರುವಾಗ ಹೊತ್ತು ಮೀರಿತ್ತು. ಮಗಳನ್ನು ಮಂಗಳೂರಿಗೆ ಮದುವೆ ಮಾಡಿಕೊಟ್ಟಿದ್ದರು, ಹೆಸರು ಮಾತ್ರ ಇಲ್ಲೇ ಇತ್ತು. ಎರಡು ಬಸ್ಸು ಬದಲಿಸಿದರೆ ಬರಬಹುದಿತ್ತು. ಮರುವರ್ಷ ಜಾತ್ರೆಯಲ್ಲಿ ಸಿಕ್ಕಿ, ‘ಅಣ್ಣಾ, ನನಗೆ ಯಾರೂ ಹೇಳಲೇ ಇಲ್ಲ’ ಅಂದಳು. ಅವಳು ಹಾಗೆ ಹೇಳುವಾಗ ನಾನು ಐಸ್‌ಕ್ರೀಂ ತಿನ್ನುತ್ತಿದ್ದೆ. ಗಂಟಲಲ್ಲಿ ಇಳಿಯಲಿಲ್ಲ.

ಈಗಲೇ ಪಟ್ಟಿ ಹಿಡಿದು ಹೊರಡಿ. ಮದುವೆಯಾಗಿ ಹೋದವರು, ಗಲ್ಫಿನಲ್ಲಿ ಇರುವವರು, ಬೆಂಗಳೂರಿನವರು, ತೀರಿಕೊಂಡವರು ಅಂತ ಬೇರೆ ಬೇರೆ ಬರೆಯಿರಿ. ಫೋನ್ ನಂಬರ್ ತೆಗೆದುಕೊಳ್ಳಿ. ಸೋತ ಮೇಲೂ ಮನೆಗೆ ಬಂದವರನ್ನು ಜನ ಮರೆಯುವುದಿಲ್ಲ. ಫ್ಲೆಕ್ಸ್ ಅಡಿಕೆ ಒಣಗಿಸಲಿಕ್ಕೆ ಆಗುತ್ತದೆ, ಬಿಸಾಡಬೇಡಿ.

ಪ್ರಶ್ನೆ: ಇಷ್ಟೆಲ್ಲ ಗೊತ್ತಿರುವ ನೀವೇ ಯಾಕೆ ಚುನಾವಣೆಗೆ ನಿಲ್ಲಬಾರದು? (ಹೆಸರು ಬೇಡ, ನೀರ್ಚಾಲು)

ಪ್ರಶಾಂತ್ ಕಿಶೋರ್ ಊರೂರು ನಡೆದು, 2024ರ ಅಕ್ಟೋಬರ್ 2ಕ್ಕೆ ಸ್ವಂತ ಪಕ್ಷ ಮಾಡಿದರು. ಮರುವರ್ಷ ಬಿಹಾರದಲ್ಲಿ ಒಂದು ಸೀಟೂ ಬರಲಿಲ್ಲ. ಅದನ್ನು ನೋಡಿದ ಮೇಲೂ ಕೇಳ್ತೀರಲ್ಲ! 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ್ ರಾಯರು ಅವಿರೋಧವಾಗಿ ಕೇರಳ ವಿಧಾನಸಭೆಗೆ ಹೋದರು. ಎದುರಿಗೆ ಯಾರೂ ಇಲ್ಲ, ಓಟೇ ನಡೆಯಲಿಲ್ಲ. ಅಂಥ ವಾರ್ಡು ಎಲ್ಲಾದರೂ ಉಂಟಾದರೆ ತಿಳಿಸಿ, ನಾಮಪತ್ರ ಕೊಡುತ್ತೇನೆ.